ಮಸೂರ ಮಗುವಿನ ಕೈಯಲ್ಲಿರಲಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಸರ್ಕಾರಿ ಶಾಲೆಯಲ್ಲಿ, ಅದರಲ್ಲೂ ಕನ್ನಡ ಮಾಧ್ಯಮದಲ್ಲಿ ಓದಿದ ಬಡ ಮನೆಯ ಮಕ್ಕಳು ಹತ್ತನೆಯ ತರಗತಿಯ ನಂತರ ವಿಜ್ಞಾನದ ಕಡೆಗೆ ಬರುವಂತಾಗಲು ಸಮೀಪದ ಪದವಿ ಕಾಲೇಜುಗಳು ಏನು ಮಾಡಬಹುದು ಎಂದು ಕಳೆದ ಸಂಚಿಕೆಯಲ್ಲಿ ಓದುಗರನ್ನು ಕೇಳಿದ್ದೆವು. ಬಂದ ಪತ್ರಗಳಲ್ಲಿ ಐದಕ್ಕೆ ಇಲ್ಲಿ ಉತ್ತರಿಸಿದ್ದೇನೆ. ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಬಿಟ್ಟಿದ್ದೇವೆ.

ಪ್ರಶ್ನೆ: ನಾನು ತಾಲ್ಲೂಕು ಕೇಂದ್ರವೊಂದರ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಕಳೆದ ವರ್ಷ ರಾಷ್ಟ್ರೀಯ ವಿಜ್ಞಾನ ದಿನದಂದು ಸುತ್ತಲಿನ ಆರು ಪ್ರೌಢಶಾಲೆಗಳ ಸುಮಾರು ಮುನ್ನೂರು ಮಕ್ಕಳನ್ನು ಕಾಲೇಜಿಗೆ ಕರೆಸಿ, ಪ್ರಯೋಗಗಳನ್ನು ತೋರಿಸಿ, ಊಟ ಹಾಕಿ, ಪ್ರಮಾಣಪತ್ರ ಕೊಟ್ಟು ಕಳುಹಿಸಿದೆವು. ಮಕ್ಕಳು ತುಂಬ ಸಂತೋಷಪಟ್ಟರು. ಆದರೆ ಜೂನ್‌ನಲ್ಲಿ ವಿಚಾರಿಸಿದಾಗ, ಅವರಲ್ಲಿ ಹತ್ತನೆಯ ತರಗತಿ ಮುಗಿಸಿದವರ ಪೈಕಿ ವಿಜ್ಞಾನಕ್ಕೆ ಸೇರಿದವರು ಬೆರಳೆಣಿಕೆಯಷ್ಟು ಮಾತ್ರ. ಈ ವರ್ಷವೂ ಇದನ್ನೇ ಮಾಡಬೇಕೇ? (ಉಪನ್ಯಾಸಕಿ, ಹಾವೇರಿ ಜಿಲ್ಲೆ)

ಉತ್ತರ: ಮಾಡಬೇಡಿ ಎನ್ನಲಾರೆ. ಮುನ್ನೂರು ಮಕ್ಕಳು ಒಂದು ದಿನ ಕಾಲೇಜಿನ ಮೆಟ್ಟಿಲು ಹತ್ತಿದ್ದು ಸಣ್ಣ ಸಂಗತಿಯಲ್ಲ. ಆದರೆ ನೀವು ಬಯಸುವ ಫಲ ಆ ಒಂದು ದಿನದಿಂದ ಸಿಗುವುದಿಲ್ಲ ಎಂಬುದನ್ನು, ಮೂವತ್ತು ವರ್ಷ ಸರ್ಕಾರಿ ಕಾಲೇಜುಗಳಲ್ಲಿ ಭೌತಶಾಸ್ತ್ರ ಕಲಿಸಿದವನಾಗಿ, ಇಂಥ ಕಾರ್ಯಕ್ರಮಗಳನ್ನು ತಪ್ಪುತ್ತಾ ತಿದ್ದಿಕೊಳ್ಳುತ್ತಾ ನಡೆಸಿದವನಾಗಿ ಹೇಳುತ್ತೇನೆ.

ಮೊದಲು ದಿನಾಂಕವನ್ನೇ ನೋಡಿ. 1928ರ ಫೆಬ್ರವರಿ 28ರಂದು ಸಿ.ವಿ. ರಾಮನ್ ಅವರು ಕಲ್ಕತ್ತೆಯಲ್ಲಿ ರಾಮನ್ ಪರಿಣಾಮವನ್ನು ಕಂಡುಕೊಂಡ ನೆನಪಿಗಾಗಿ 1987ರಿಂದ ಆ ದಿನವನ್ನು ವಿಜ್ಞಾನ ದಿನವಾಗಿ ಆಚರಿಸುತ್ತಿದ್ದೇವೆ. ಹಬ್ಬಕ್ಕೆ ಅದು ತಕ್ಕ ದಿನವೇ. ಆದರೆ ಹತ್ತನೆಯ ತರಗತಿಯ ಮಗುವಿಗೆ ಅದು ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕೆಲವೇ ವಾರಗಳು ಉಳಿದಿರುವ, ಪೂರ್ವಸಿದ್ಧತಾ ಪರೀಕ್ಷೆಯ ಅಂಕಗಳನ್ನು ನೋಡಿ ಮನಸ್ಸು ಕುಗ್ಗಿರುವ ಸಮಯ. ಅಷ್ಟು ಹೊತ್ತಿಗೆ ‘ಸೈನ್ಸ್ ನಮ್ಮಂಥವರಿಗಲ್ಲ’ ಎಂಬ ತೀರ್ಮಾನ ಆ ಮಗುವಿನ ಒಳಗೆ ಆಗಿಹೋಗಿರುತ್ತದೆ. ನಾನು ಕಂಡಂತೆ ಆ ತೀರ್ಮಾನ ಬೇರು ಬಿಡುವುದು ಎಂಟನೆಯ ತರಗತಿಯಲ್ಲಿ. ಹೊಸ ಶಾಲೆ, ವಿಷಯಕ್ಕೊಬ್ಬ ಶಿಕ್ಷಕರು, ಕಣ್ಣಿಗೆ ಕಾಣದ ಪರಮಾಣು, ಕೈಗೆ ಸಿಗದ ಬೀಜಗಣಿತ ಎಲ್ಲವೂ ಒಟ್ಟಿಗೆ ಎದುರಾಗುವ ವರ್ಷ ಅದು. ನೀವು ಕೈ ಹಿಡಿಯಬೇಕಾದದ್ದು ಎಂಟನೆಯ ತರಗತಿಯವರನ್ನು, ಅದೂ ಜೂನ್ ಅಥವಾ ಜುಲೈ ತಿಂಗಳಲ್ಲಿ.

ಎರಡನೆಯ ಮಾತನ್ನು ನನ್ನದೇ ತಪ್ಪಿನಿಂದ ಕಲಿತೆ. ಸೇವೆಗೆ ಸೇರಿದ ಹೊಸದರಲ್ಲಿ ನಾವು ಮೂವರು ಅಧ್ಯಾಪಕರು ಕಾಲೇಜಿನ ಒಂದು ಸೂಕ್ಷ್ಮದರ್ಶಕವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಒಂದು ಹಳ್ಳಿಯ ಪ್ರೌಢಶಾಲೆಗೆ ಹೋಗಿದ್ದೆವು. ಈರುಳ್ಳಿ ಪೊರೆಯ ಸ್ಲೈಡ್ ಸಿದ್ಧಪಡಿಸಿ, ನೂರಿಪ್ಪತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರಿಗೂ ಹತ್ತು ಸೆಕೆಂಡಿನಂತೆ ತೋರಿಸಿದೆವು. ಉಪಕರಣ ಹಾಳಾದೀತು ಎಂಬ ಭಯದಿಂದ ಯಾರೂ ಮುಟ್ಟದಂತೆ ನಾನೇ ಪಕ್ಕದಲ್ಲಿ ನಿಂತಿದ್ದೆ. ಕೊನೆಯ ಸಾಲಿನ ಒಬ್ಬ ಹುಡುಗಿ ಬಗ್ಗಿ ನೋಡಿದಳು, ಮುಂದಕ್ಕೆ ಹೋದಳು, ಸ್ವಲ್ಪ ಹೊತ್ತು ಬಿಟ್ಟು ಹಿಂತಿರುಗಿ ಬಂದು ಮೆಲ್ಲಗೆ ಕೇಳಿದಳು: ‘ಸರ್, ಏನು ಕಾಣಬೇಕಿತ್ತು?’ ಅವಳು ತೆರೆದಿಟ್ಟುಕೊಳ್ಳಬೇಕಾದ ಕಣ್ಣನ್ನು ಮುಚ್ಚಿಕೊಂಡಿದ್ದಳು. ಸಾಲಿನಲ್ಲಿ ಇನ್ನೆಷ್ಟು ಮಕ್ಕಳು ಹೀಗೆಯೇ ಏನನ್ನೂ ಕಾಣದೆ, ಕಂಡಂತೆ ತಲೆಯಾಡಿಸಿ ಮುಂದೆ ಹೋದರೋ ಎಂದು ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮುಂದಿನ ಭೇಟಿಗೆ ಸೂಕ್ಷ್ಮದರ್ಶಕವನ್ನು ಕಾಲೇಜಿನಲ್ಲೇ ಬಿಟ್ಟು, ಪೇಟೆಯಲ್ಲಿ ಸಿಗುವ ಸಾಧಾರಣ ಪೀನ ಮಸೂರಗಳನ್ನು ಇಪ್ಪತ್ತರಷ್ಟು ಕೊಂಡು ಹೋದೆವು. ಕೋಣೆಯ ಬಾಗಿಲು ಮುಚ್ಚಿಸಿ, ಒಂದೇ ಕಿಟಕಿ ತೆರೆಸಿ, ಎದುರಿನ ಗೋಡೆಗೆ ಹತ್ತಿರವಾಗಿ ಮಸೂರವನ್ನು ಹಿಂದೆ ಮುಂದೆ ಸರಿಸಲು ಹೇಳಿದೆವು. ಹೊರಗಿನ ಬೇವಿನ ಮರ, ಅದರ ಕೆಳಗೆ ಕಟ್ಟಿದ್ದ ಎಮ್ಮೆ, ಎರಡೂ ತಲೆಕೆಳಗಾಗಿ, ಬಣ್ಣಬಣ್ಣವಾಗಿ ಗೋಡೆಯ ಮೇಲೆ ಮೂಡಿದವು. ಎಮ್ಮೆ ಬಾಲ ಬೀಸಿದಾಗ ಗೋಡೆಯ ಮೇಲಿನ ಬಾಲವೂ ಬೀಸಿತು. ಒಬ್ಬ ಹುಡುಗ ಗೋಡೆಯನ್ನು ಮುಟ್ಟಿ ನೋಡಿದ. ‘ಪ್ರತಿಬಿಂಬವು ನೈಜ ಮತ್ತು ತಲೆಕೆಳಗಾದುದು’ ಎಂಬ ಪಠ್ಯಪುಸ್ತಕದ ವಾಕ್ಯವನ್ನು ಆಮೇಲೆ ಓದಿಸಿದಾಗ ಅವರೆಲ್ಲರಿಗೂ ಅದು ಎಮ್ಮೆಯ ಬಾಲದ ಕುರಿತ ವಾಕ್ಯವಾಗಿತ್ತು.

ರಸಾಯನಶಾಸ್ತ್ರದಲ್ಲಿ ನಿಮಗೆ ಇದಕ್ಕಿಂತ ಸುಲಭವಾದ ದಾರಿಗಳಿವೆ. ಅರಿಶಿನದ ನೀರಿಗೆ ಸುಣ್ಣ ಬೆರೆಸಿದರೆ ಕೆಂಪಾಗುತ್ತದೆ ಎಂಬುದು ಮನೆಯಲ್ಲಿ ಆರತಿ ನೋಡಿದ ಮಗುವಿಗೆ ಗೊತ್ತು. ಆ ಕೆಂಪು ನೀರಿಗೆ ನಿಂಬೆರಸವನ್ನು ಹನಿಹನಿಯಾಗಿ ಬಿಟ್ಟರೆ ಮತ್ತೆ ಹಳದಿಗೆ ತಿರುಗುತ್ತದೆ ಎಂಬುದು ಎಷ್ಟೋ ಮಕ್ಕಳಿಗೆ ಹೊಸದು. ಎಷ್ಟು ಹನಿಗೆ ತಿರುಗಿತು ಎಂದು ಎಣಿಸಲು ಹೇಳಿ. ಸುಣ್ಣದ ತಿಳಿಯನ್ನು ಅರ್ಧಕ್ಕೆ ಇಳಿಸಿದರೆ ಹನಿಗಳು ಎಷ್ಟಾಗಬಹುದು ಎಂದು ಮೊದಲೇ ಊಹಿಸಲು ಹೇಳಿ. ಊಹೆಯನ್ನು ಬರೆದಿಟ್ಟುಕೊಂಡ ಮೇಲೆಯೇ ಮಾಡಿ ನೋಡಲು ಬಿಡಿ. ನಿಮ್ಮ ಪದವಿ ವಿದ್ಯಾರ್ಥಿಗಳು ಬ್ಯುರೆಟ್ಟಿನಲ್ಲಿ, ಅಂದರೆ ಅಳತೆಗೆರೆಗಳಿರುವ ಗಾಜಿನ ಕೊಳವೆಯಲ್ಲಿ, ಮಾಡುವ ಟೈಟ್ರೇಷನ್ ಇದೇ. ಸುಣ್ಣ ಕಣ್ಣಿಗೆ ಬೀಳದಂತೆ ಮಾತ್ರ ಎಚ್ಚರವಿರಲಿ. ಮರುವರ್ಷ ಅದೇ ಮಕ್ಕಳು ಒಂಬತ್ತನೆಯ ತರಗತಿಗೆ ಬಂದಾಗ ತಮ್ಮೂರಿನ ಕೊಳವೆಬಾವಿಯ ನೀರನ್ನು ಬಾಟಲಿಯಲ್ಲಿ ತಂದು ನಿಮ್ಮ ಪ್ರಯೋಗಾಲಯದಲ್ಲಿ ಅದರ ಗಡಸುತನವನ್ನು ತಾವೇ ಅಳೆಯಲಿ. ತುಮಕೂರು ಜಿಲ್ಲೆಯ ಪಾವಗಡದಂಥ ಕಡೆ ಫ್ಲೋರೈಡನ್ನೂ ನೋಡಬಹುದು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬ ಮಿತಿಗೂ ಊರಿನವರ ಹಲ್ಲಿನ ಕಂದು ಕಲೆಗೂ ಇರುವ ಸಂಬಂಧ ಗೊತ್ತಾದ ಮಗುವಿಗೆ, ರಸಾಯನಶಾಸ್ತ್ರ ಏಕೆ ಓದಬೇಕು ಎಂದು ನಾವು ಭಾಷಣ ಮಾಡಬೇಕಾಗಿಲ್ಲ.

ಗುಂಪು ಮಾಡಿದಾಗ ಉಪಕರಣ ಯಾರ ಕೈಯಲ್ಲಿದೆ ಎಂಬುದನ್ನು ದಯವಿಟ್ಟು ಗಮನಿಸಿ. ಸುಮ್ಮನೆ ಬಿಟ್ಟರೆ ಮುಂದಿನ ಬೆಂಚಿನ ಇಬ್ಬರು ಹುಡುಗರು ಪ್ರಯೋಗ ಮಾಡುತ್ತಾರೆ, ಹುಡುಗಿಯರು ಅಂದವಾದ ಅಕ್ಷರದಲ್ಲಿ ಫಲಿತಾಂಶ ಬರೆಯುತ್ತಾರೆ, ಹಿಂದೆ ನಿಂತವರು ನಿಂತೇ ಇರುತ್ತಾರೆ. ಹಿಂದೆ ನಿಲ್ಲುವವರು ಯಾವ ಕೇರಿಯಿಂದ, ಯಾವ ಹಾಡಿಯಿಂದ ಬಂದವರು ಎಂಬುದನ್ನೂ ನೀವು ಬೇಗ ಅರಿಯುತ್ತೀರಿ. ನಿಮ್ಮ ಕಾರ್ಯಕ್ರಮ ಇರುವುದೇ ಅವರಿಗಾಗಿ.

ಇನ್ನು ನಿರಂತರತೆ. ಇದಕ್ಕೆ ನಮ್ಮ ದೇಶದಲ್ಲೇ ದೊಡ್ಡ ಉದಾಹರಣೆಯಿದೆ. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಮಾಧ್ಯಮಿಕ ಶಾಲೆಗಳಲ್ಲಿ ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು ವಿಜ್ಞಾನ ಕಲಿಕೆಯ ಪ್ರಯೋಗವೊಂದನ್ನು ಆರಂಭಿಸಿದವು. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳೂ ದೆಹಲಿ ವಿಶ್ವವಿದ್ಯಾಲಯದ ಅಧ್ಯಾಪಕರೂ ರಜೆ ಹಾಕಿ ಅಲ್ಲಿಗೆ ಹೋಗಿ ಹಳ್ಳಿಯ ಶಿಕ್ಷಕರ ಜೊತೆ ಕುಳಿತರು. ಮಕ್ಕಳು ಗುಂಪಾಗಿ ತಾವೇ ಪ್ರಯೋಗ ಮಾಡುವ ಕಿಟ್, ಶಿಕ್ಷಕರ ತಿಂಗಳ ಸಭೆ, ಶಾಲೆಗೆ ಮರಳಿ ಮರಳಿ ಭೇಟಿ, ಇವು ಅದರ ಆಧಾರಗಳು. 1978ರಲ್ಲಿ ಅದು ಇಡೀ ಜಿಲ್ಲೆಗೆ ಹಬ್ಬಿತು, 2002ರಲ್ಲಿ ಸರ್ಕಾರ ಅದನ್ನು ನಿಲ್ಲಿಸುವವರೆಗೂ ಮೂವತ್ತು ವರ್ಷ ನಡೆಯಿತು. ನಮ್ಮ ಒಂದು ಕಾಲೇಜಿನಿಂದ ಅಷ್ಟು ದೊಡ್ಡದು ಆಗದಿರಬಹುದು, ಆದರೆ ಮರಳಿ ಭೇಟಿ ಕೊಡುವುದು ಖಂಡಿತ ಆಗುತ್ತದೆ.

ಆದ್ದರಿಂದ ಈ ವರ್ಷ ಆರು ಶಾಲೆಗಳ ಬದಲು ಎರಡನ್ನೇ ಹಿಡಿಯಿರಿ. ಪ್ರತಿ ಶಾಲೆಗೆ ಐದಾರು ಪದವಿ ವಿದ್ಯಾರ್ಥಿಗಳನ್ನು ಗೊತ್ತುಪಡಿಸಿ. ಅವರೇ, ಅದೇ ಮುಖಗಳೇ, ತಿಂಗಳಿಗೊಮ್ಮೆ ಹೋಗಲಿ. ರಾಷ್ಟ್ರೀಯ ಸೇವಾ ಯೋಜನೆಯ ಸ್ವಯಂಸೇವಕರು ವರ್ಷಕ್ಕೆ 120 ಗಂಟೆಗಳಂತೆ ಎರಡು ವರ್ಷ ಸೇವೆ ಸಲ್ಲಿಸಬೇಕಲ್ಲವೇ? ಆ ಗಂಟೆಗಳಲ್ಲಿ ಒಂದು ಪಾಲನ್ನು ಇದಕ್ಕೆ ಕೊಡಲು ಪ್ರಾಂಶುಪಾಲರನ್ನು ಕೇಳಿ. ಏಳು ದಿನಗಳ ವಿಶೇಷ ಶಿಬಿರವನ್ನೂ ಪ್ರತಿವರ್ಷ ಊರು ಬದಲಿಸದೆ ಅದೇ ಊರಿನಲ್ಲಿ ಇಡಿ. ಸಂಜೆಯ ಹೊತ್ತು ತಾಯಿತಂದೆಯರ ಜೊತೆ ಮಾತಿಗೆ ಸಿಗುವುದು ಅಲ್ಲಿಯೇ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಮಿತಿಗೆ ಇಂಥ ವಿಸ್ತರಣಾ ಚಟುವಟಿಕೆಯ ದಾಖಲೆ ಬೇಕಾಗುತ್ತದೆ, ನಿಜ. ಬ್ಯಾನರಿನ ಮುಂದೆ ನಿಂತ ಮುನ್ನೂರು ಮಕ್ಕಳ ಒಂದು ಚಿತ್ರಕ್ಕಿಂತ, ಮೂರು ವರ್ಷ ಒಂದೇ ಶಾಲೆಯ ಮಕ್ಕಳು ಬರೆದ ಪ್ರಯೋಗದ ಪುಸ್ತಕಗಳು ಗಟ್ಟಿಯಾದ ದಾಖಲೆಯೆಂದು ನಾನು ನಂಬಿದ್ದೇನೆ.

ಮತ್ತು ಮೇ ತಿಂಗಳನ್ನು ಮರೆಯಬೇಡಿ. ಫಲಿತಾಂಶ ಬಂದು ಪ್ರವೇಶ ಆರಂಭವಾಗುವ ಆ ದಿನಗಳಲ್ಲಿ ಕಾಲೇಜುಗಳಲ್ಲಿ ಪರೀಕ್ಷೆ, ಮೌಲ್ಯಮಾಪನ, ರಜೆ ಎಂದು ಯಾರೂ ಸಿಗುವುದಿಲ್ಲ. ಮಗುವಿನ ಮುಂದಿನ ದಾರಿ ನಿರ್ಧಾರವಾಗುವುದು ಆಗಲೇ, ಮನೆಯ ಜಗಲಿಯಲ್ಲಿ, ಸೋದರಮಾವನ ಸಮ್ಮುಖದಲ್ಲಿ. ಮೂರು ವರ್ಷ ಮನೆಗೆ ಪರಿಚಯವಾದ ಒಬ್ಬ ಅಕ್ಕನೋ ಅಣ್ಣನೋ ಆ ಹೊತ್ತಿಗೆ ಒಂದು ಫೋನ್ ಮಾಡಿದರೆ ಆ ಮಾತಿಗೆ ಬೆಲೆ ಬರುತ್ತದೆ.

ಪ್ರಶ್ನೆ: ನಾನು ಎಪಿಎಂಸಿಯಲ್ಲಿ ಹಮಾಲಿ ಕೆಲಸ ಮಾಡುತ್ತೇನೆ. ಮಗಳು ಕನ್ನಡ ಮಾಧ್ಯಮದಲ್ಲಿ ಓದಿ ಎಸ್‌ಎಸ್‌ಎಲ್‌ಸಿಯಲ್ಲಿ ಶೇಕಡಾ 81 ಅಂಕ ಪಡೆದಿದ್ದಾಳೆ. ಅವಳ ಶಾಲೆಗೆ ಬರುತ್ತಿದ್ದ ಕಾಲೇಜಿನ ವಿದ್ಯಾರ್ಥಿಗಳನ್ನು ನೋಡಿ ಸೈನ್ಸ್ ತೆಗೆದುಕೊಳ್ಳುತ್ತೇನೆ ಎನ್ನುತ್ತಾಳೆ. ಇಂಗ್ಲಿಷಿನಲ್ಲಿ ಓದಲು ಆಗುವುದಿಲ್ಲ, ಟ್ಯೂಷನ್ನಿಗೆ ಲಕ್ಷಗಟ್ಟಲೆ ಬೇಕು ಎಂದು ನೆಂಟರು ಹೆದರಿಸುತ್ತಿದ್ದಾರೆ. ನಮ್ಮಂಥವರು ಏನು ಮಾಡಬೇಕು ಸರ್? (ತಂದೆ, ರಾಯಚೂರು ಜಿಲ್ಲೆ)

ಉತ್ತರ: ಮಗಳು ತಾನಾಗಿ ಕೇಳುತ್ತಿದ್ದಾಳೆ, ನೀವು ಅವಳ ಪರವಾಗಿ ಪತ್ರ ಬರೆದಿದ್ದೀರಿ; ಅವಳನ್ನು ಸೇರಿಸಿ ಎಂದೇ ನನ್ನ ಸಲಹೆ. ಆದರೆ ನೆಂಟರ ಭಯ ಪೂರ್ತಿ ಸುಳ್ಳಲ್ಲ, ಆದ್ದರಿಂದ ಕಷ್ಟ ಎಲ್ಲಿದೆ ಎಂಬುದನ್ನು ಮುಚ್ಚಿಡದೆ ಹೇಳುತ್ತೇನೆ.

ಕಷ್ಟವಿರುವುದು ಮೊದಲ ಮೂರು ತಿಂಗಳಲ್ಲಿ. ನಿಮ್ಮ ಮಗಳಿಗೆ ವೇಗೋತ್ಕರ್ಷ ಎಂದರೆ ಏನೆಂದು ಚೆನ್ನಾಗಿ ಗೊತ್ತಿದೆ, ಆದರೆ ತರಗತಿಯಲ್ಲಿ ಆಕ್ಸಲರೇಷನ್ ಎಂದಾಗ ಅದು ತನಗೆ ಗೊತ್ತಿರುವುದೇ ಎಂದು ಗೊತ್ತಾಗುವುದಿಲ್ಲ. ವಕ್ರೀಭವನ ರಿಫ್ರಾಕ್ಷನ್ ಆಗುತ್ತದೆ, ದ್ಯುತಿಸಂಶ್ಲೇಷಣೆ ಫೋಟೊಸಿಂಥೆಸಿಸ್ ಆಗುತ್ತದೆ, ಲವಣ ಸಾಲ್ಟ್ ಆಗುತ್ತದೆ. ತನಗೆ ಏನೂ ಗೊತ್ತಿಲ್ಲವೆಂದುಕೊಂಡು ಜಾಣ ಮಕ್ಕಳು ಆಗಸ್ಟ್ ಹೊತ್ತಿಗೆ ಕಲಾ ವಿಭಾಗಕ್ಕೆ ಬದಲಾಯಿಸಿಕೊಳ್ಳುವುದನ್ನು ಪ್ರತಿವರ್ಷ ನೋಡಿದ್ದೇನೆ. ಇದಕ್ಕೆ ಮದ್ದು ದುಬಾರಿಯದಲ್ಲ. ಹತ್ತನೆಯ ತರಗತಿಯ ಕನ್ನಡ ವಿಜ್ಞಾನ ಪುಸ್ತಕವನ್ನು ಮಾರಬೇಡಿ. ಅದೇ ಪುಸ್ತಕದ ಇಂಗ್ಲಿಷ್ ಮಾಧ್ಯಮದ ಪ್ರತಿಯೊಂದನ್ನು ಯಾರಿಂದಲಾದರೂ ತಂದುಕೊಡಿ. ಎರಡನ್ನೂ ಪಕ್ಕಪಕ್ಕದಲ್ಲಿ ತೆರೆದಿಟ್ಟುಕೊಂಡು, ಒಂದು ಇನ್ನೂರು ಪುಟದ ಪುಸ್ತಕದಲ್ಲಿ ಎಡಗಡೆ ಕನ್ನಡ ಪದ, ಬಲಗಡೆ ಇಂಗ್ಲಿಷ್ ಪದ ಎಂದು ದಿನಕ್ಕೆ ಹತ್ತರಂತೆ ಬರೆದುಕೊಳ್ಳಲಿ. ತರಗತಿ ಆರಂಭವಾಗುವ ಮೊದಲು ಮುನ್ನೂರು ಪದ ಕೈವಶವಾದರೂ ಭಯ ಅರ್ಧಕ್ಕೆ ಇಳಿಯುತ್ತದೆ. ಅವಳ ಶಾಲೆಗೆ ಬರುತ್ತಿದ್ದ ಕಾಲೇಜಿನ ವಿದ್ಯಾರ್ಥಿಗಳನ್ನು ಈ ಕೆಲಸಕ್ಕೆ ಕೇಳಿ. ಅವರಲ್ಲೂ ಬಹಳ ಮಂದಿ ಇದೇ ದಾರಿ ದಾಟಿ ಬಂದವರಿರುತ್ತಾರೆ, ಸಂತೋಷದಿಂದ ಮಾಡಿಕೊಡುತ್ತಾರೆ.

ಕನ್ನಡದಲ್ಲಿ ಓದಿದ್ದು ಅವಳಿಗೆ ಅನುಕೂಲವೂ ಹೌದು. ಒಂದರಿಂದ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿ ಮೂಲಕ ಸಿಗುವ ವೃತ್ತಿಪರ ಸೀಟುಗಳಲ್ಲಿ ಶೇಕಡಾ 5, ಆ ಹತ್ತೂ ವರ್ಷ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇಕಡಾ 15 ಮೀಸಲಿದೆ. ರಾಯಚೂರು ಜಿಲ್ಲೆಯವರಾದ್ದರಿಂದ ಕಲ್ಯಾಣ ಕರ್ನಾಟಕದವರಿಗೆ ವಿಶೇಷ ಮೀಸಲು ಕೊಡುವ ಸಂವಿಧಾನದ 371(ಜೆ) ವಿಧಿಯ ಅನುಕೂಲವೂ ನಿಮಗೆ ಅನ್ವಯಿಸುತ್ತದೆ. ಇವಕ್ಕೆ ಬೇಕಾದ ವ್ಯಾಸಂಗ ಪ್ರಮಾಣಪತ್ರಗಳನ್ನು ಶಾಲೆಯಿಂದ ಪಡೆದು, ಸಂಬಂಧಪಟ್ಟ ಅಧಿಕಾರಿಯ ಸಹಿ ಹಾಕಿಸಿ ಈಗಲೇ ಇಟ್ಟುಕೊಳ್ಳಿ. ಎರಡು ವರ್ಷ ಬಿಟ್ಟು ಓಡಾಡುವುದು ಕಷ್ಟ. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು.

ಹಣದ ಮಾತು. ಸರ್ಕಾರಿ ಪದವಿಪೂರ್ವ ಕಾಲೇಜಿಗೇ ಸೇರಿಸಿ, ಖರ್ಚು ನೆಂಟರು ಹೇಳಿದಷ್ಟು ಇರುವುದಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳ ಪ್ರಯಾಣ ಉಚಿತವಾಗಿದೆ. ಹತ್ತು ಹದಿನೈದು ಕಿಲೋಮೀಟರಿನ ಬಸ್ ಖರ್ಚಿಗೇ ಓದು ನಿಲ್ಲಿಸಿದ ಹುಡುಗಿಯರನ್ನು ಕಂಡವನಿಗೆ ಇದು ಎಷ್ಟು ದೊಡ್ಡ ಬದಲಾವಣೆ ಎಂಬುದು ಗೊತ್ತು. ಓಡಾಟ ಕಷ್ಟವಾದರೆ ಸಮಾಜ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳಿಗೆ ಅರ್ಜಿ ಹಾಕಿ. ವಿದ್ಯಾರ್ಥಿವೇತನಕ್ಕೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಜಾಲತಾಣದಲ್ಲಿ ಅರ್ಜಿ ಸಲ್ಲಿಸಲು ನಾಡಕಚೇರಿಯಿಂದ ಪಡೆದ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಮೇಲಿರುವ ಆರ್‌ಡಿ ಸಂಖ್ಯೆ, ಮಗಳ ಹೆಸರಿನಲ್ಲಿ ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಬೇಕು. ಎಷ್ಟೋ ಮಕ್ಕಳಿಗೆ ಹಣ ಬರದಿರುವುದು ಅರ್ಹತೆ ಇಲ್ಲದೆ ಅಲ್ಲ, ಈ ಎರಡರಲ್ಲಿ ಒಂದು ಸರಿಯಾಗಿರದೆ. ಮನೆಯಲ್ಲಿ ಎಂಟನೆಯ ತರಗತಿಯಲ್ಲಿ ಓದುವ ಇನ್ನೊಂದು ಮಗುವಿದ್ದರೆ ಅದಕ್ಕೆ ಕೇಂದ್ರದ ವಿದ್ಯಾರ್ಥಿವೇತನದ ಎನ್‌ಎಂಎಂಎಸ್ ಪರೀಕ್ಷೆ ಬರೆಸಿ. ತೇರ್ಗಡೆಯಾಗಿ ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ.

ಲಕ್ಷಗಟ್ಟಲೆ ಟ್ಯೂಷನ್ ಎಂಬ ಮಾತು ಹುಟ್ಟಿದ್ದು, ವಿಜ್ಞಾನ ಓದಿದರೆ ಡಾಕ್ಟರ್ ಅಥವಾ ಎಂಜಿನಿಯರ್ ಆಗಲೇಬೇಕು ಎಂಬ ಎಣಿಕೆಯಿಂದ. ಬಿ.ಎಸ್ಸಿ. ಇದೆ, ಕೃಷಿ ಪದವಿ ಇದೆ, ನರ್ಸಿಂಗ್, ಫಾರ್ಮಸಿ, ಪ್ರಯೋಗಾಲಯ ತಂತ್ರಜ್ಞರ ಕೋರ್ಸುಗಳಿವೆ. ದ್ವಿತೀಯ ಪಿಯುಸಿಯಲ್ಲಿ ರಾಜ್ಯದ ಮೊದಲ ಶೇಕಡಾ 1ರೊಳಗೆ ಬಂದು ಮೂಲವಿಜ್ಞಾನದ ಪದವಿಗೆ ಸೇರಿದವರಿಗೆ ಕೇಂದ್ರದ ಇನ್‌ಸ್ಪೈರ್ ಯೋಜನೆಯಲ್ಲಿ ವರ್ಷಕ್ಕೆ 80,000 ರೂಪಾಯಿಯವರೆಗಿನ ವಿದ್ಯಾರ್ಥಿವೇತನವೂ ಇದೆ. ಇನ್ನೊಂದು ಮಾತನ್ನು ನೆಂಟರಿಗೆ ಹೇಳಿ: ಪಿಯುಸಿ ವಿಜ್ಞಾನ ಓದಿದವಳು ಮುಂದೆ ಬಿ.ಎ. ಅಥವಾ ಬಿ.ಕಾಂ.ಗೆ ಹೋಗಬಹುದು, ಪಿಯುಸಿ ಕಲೆ ಓದಿದವಳಿಗೆ ಬಿ.ಎಸ್ಸಿ.ಯ ಭೌತಶಾಸ್ತ್ರ, ರಸಾಯನಶಾಸ್ತ್ರದ ಬಾಗಿಲು ಮುಚ್ಚಿರುತ್ತದೆ.

ಪ್ರಶ್ನೆ: ನಾನು ನಿವೃತ್ತ ಮುಖ್ಯೋಪಾಧ್ಯಾಯ. ಕಾಲೇಜಿನವರು ಬಂದು ಮಕ್ಕಳಲ್ಲಿ ಆಸೆ ಹುಟ್ಟಿಸುತ್ತಾರೆ. ಆದರೆ ನಮ್ಮ ಪಿಯು ಕಾಲೇಜಿನಲ್ಲಿ ಗಣಿತಕ್ಕೆ ಕಾಯಂ ಉಪನ್ಯಾಸಕರೇ ಇಲ್ಲ. ಬಡ ಮಕ್ಕಳನ್ನು ವಿಜ್ಞಾನಕ್ಕೆ ದೂಡಿ ನಡುನೀರಿನಲ್ಲಿ ಕೈಬಿಡುವುದು ಸರಿಯೇ? (ಚಾಮರಾಜನಗರ ಜಿಲ್ಲೆ)

ಉತ್ತರ: ಸರಿಯಲ್ಲ. ನಿಮ್ಮ ಮಾತಿನಲ್ಲಿರುವ ನೋವು ನನಗೂ ಸೇರಿದ್ದು. ಖಾಲಿ ಹುದ್ದೆಯನ್ನು ತುಂಬುವುದು ಸರ್ಕಾರದ ಹೊಣೆ, ಯಾವ ವಿಸ್ತರಣಾ ಕಾರ್ಯಕ್ರಮವೂ ಅದಕ್ಕೆ ಬದಲಿಯಾಗಲಾರದು; ಕಾಲೇಜುಗಳು ಉತ್ಸಾಹದಿಂದ ಮಾಡುವ ಕೆಲಸವನ್ನು ತೋರಿಸಿ ಆ ಹೊಣೆಯಿಂದ ಯಾರೂ ಜಾರಿಕೊಳ್ಳಬಾರದು. ಪೋಷಕರ ಸಭೆಯಲ್ಲಿ, ಶಾಸಕರ ಮುಂದೆ, ಪದವಿಪೂರ್ವ ಶಿಕ್ಷಣ ಉಪನಿರ್ದೇಶಕರ ಕಚೇರಿಯಲ್ಲಿ ಇದನ್ನು ಕೇಳಲು ನಿಮ್ಮಂಥ ಹಿರಿಯರೇ ಮುಂದೆ ನಿಲ್ಲಬೇಕು.

ಆದರೆ ಆಸೆ ಹುಟ್ಟಿಸುವುದೇ ತಪ್ಪು ಎಂಬಲ್ಲಿಗೆ ನಾನು ಬರಲಾರೆ. ಅದೇ ಊರಿನ ಉಳ್ಳವರ ಮಗು ಮೈಸೂರಿನ ಖಾಸಗಿ ಕಾಲೇಜಿಗೆ ಹೋಗಿ ವಿಜ್ಞಾನ ಓದುತ್ತದೆ. ಉಪನ್ಯಾಸಕರಿಲ್ಲ ಎಂಬ ಕಾರಣಕ್ಕೆ ವಿಜ್ಞಾನ ಬಿಡಬೇಕಾಗಿ ಬರುವುದು ಬಡವರ ಮಗುವೊಂದೇ. ಕಲಾ ವಿಭಾಗ ಕೀಳೆಂದು ನಾನು ಭಾವಿಸಿಲ್ಲ. ಇತಿಹಾಸವನ್ನು ಪ್ರೀತಿಸುವ ಮಗು ಇತಿಹಾಸವನ್ನೇ ಓದಬೇಕು. ಎದುರಿಗೆ ಕಾಣಸಿಗಲಿಲ್ಲ ಎಂಬ ಕಾರಣಕ್ಕೆ ಬಿಟ್ಟುಕೊಟ್ಟದ್ದನ್ನು ಆಯ್ಕೆ ಎಂದು ಕರೆಯಲು ಮಾತ್ರ ನನ್ನ ಮನಸ್ಸು ಒಪ್ಪುವುದಿಲ್ಲ. ಪದವಿ ಕಾಲೇಜು ಮೂರು ವರ್ಷ ಪ್ರೌಢಶಾಲೆಗೆ ಹೋಗಿದ್ದರೆ ನಾಲ್ಕನೆಯ ವರ್ಷ ಆ ಮಕ್ಕಳನ್ನು ಹಿಂಬಾಲಿಸಿ ಪಿಯು ಕಾಲೇಜಿಗೂ ಹೋಗಬೇಕು. ಗಣಿತದ ಎಂ.ಎಸ್ಸಿ. ವಿದ್ಯಾರ್ಥಿಗಳು ಶನಿವಾರ ಮಧ್ಯಾಹ್ನ ಎರಡು ಗಂಟೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಪ್ಪದೆ ಕುಳಿತರೆ ತ್ರಿಕೋನಮಿತಿಯ ಕಂಟಕ ದಾಟುತ್ತದೆ. ಪಿಯು ಕಾಲೇಜಿನಲ್ಲಿ ಪ್ರಯೋಗಾಲಯ ಸರಿಯಿಲ್ಲದಿದ್ದರೆ ಪದವಿ ಕಾಲೇಜಿನ ಪ್ರಯೋಗಾಲಯವನ್ನು ಭಾನುವಾರ ತೆರೆಯಬಹುದು. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳಲ್ಲಿ ತಲಾ 30 ಅಂಕ ಪ್ರಾಯೋಗಿಕ ಪರೀಕ್ಷೆಯವು. ಶಿಕ್ಷಕರಿಗೂ ಆಸರೆ ಬೇಕು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿ ಭಾರತೀಯ ವಿಜ್ಞಾನ ಸಂಸ್ಥೆ ನಡೆಸುವ ಪ್ರತಿಭಾ ಅಭಿವೃದ್ಧಿ ಕೇಂದ್ರದಲ್ಲಿ ವಿಜ್ಞಾನ ಬೋಧಕರಿಗೆ ಪ್ರಯೋಗಗಳ ತರಬೇತಿ ಕೊಡುತ್ತಾರೆ. ಅಲ್ಲಿಗೆ ಹೋಗಿ ಬಂದ ಒಬ್ಬ ಉಪನ್ಯಾಸಕಿ ತಮ್ಮ ಕಾಲೇಜಿನ ಉಪಕರಣಗಳ ಬೀರುವಿನ ಬೀಗ ತೆಗೆಸಿದ್ದನ್ನು ನಾನೇ ಕಂಡಿದ್ದೇನೆ.

ಪ್ರಶ್ನೆ: ಅಂತಿಮ ಬಿ.ಎಸ್ಸಿ. ವಿದ್ಯಾರ್ಥಿ. ನಮ್ಮ ಮನೆಯಲ್ಲಿ ಕಾಲೇಜು ಕಂಡವನು ನಾನೊಬ್ಬನೇ. ಸ್ವಯಂಸೇವಕನಾಗಿ ಶಾಲೆಗೆ ಹೋಗುತ್ತೇನೆ, ಆದರೆ ಮಕ್ಕಳು ಕೇಳುವ ಪ್ರಶ್ನೆಗಳಿಗೆ ಉತ್ತರ ತಿಳಿಯದೆ ಮುಜುಗರವಾಗುತ್ತದೆ. ನನ್ನಂಥವನು ಹೋಗಬಹುದೇ? (ಕೋಲಾರ ಜಿಲ್ಲೆ)

ಉತ್ತರ: ನಿಮ್ಮಂಥವರೇ ಹೋಗಬೇಕು. ನಾನು ಹೋದರೆ ಮಕ್ಕಳಿಗೆ ಕಾಣುವುದು ಕನ್ನಡಕ ಹಾಕಿದ ಒಬ್ಬ ಮೇಷ್ಟ್ರು. ನೀವು ಹೋದರೆ ಅವರಿಗೆ ತಮ್ಮದೇ ಮಾತಾಡುವ, ತಮ್ಮಂತೆಯೇ ಬೆಳಿಗ್ಗೆ ಹಾಲು ಕರೆದು ಬಸ್ ಹಿಡಿದು ಬಂದ ಅಣ್ಣ ಕಾಣುತ್ತಾನೆ. ಅದನ್ನು ಯಾವ ಉಪಕರಣವೂ ಕೊಡಲಾರದು.

ಉತ್ತರ ತಿಳಿಯದಿದ್ದಾಗ ‘ನನಗೆ ಗೊತ್ತಿಲ್ಲ, ಮುಂದಿನ ತಿಂಗಳು ತಿಳಿದುಕೊಂಡು ಬರುತ್ತೇನೆ’ ಎಂದು ಹೇಳಿ, ಪ್ರಶ್ನೆಯನ್ನು ಕೇಳಿದವರ ಹೆಸರಿನ ಜೊತೆ ಕಪ್ಪುಹಲಗೆಯ ಮೂಲೆಯಲ್ಲಿ ಬರೆಯಿರಿ. ನಂತರ ಮರೆಯದೆ ಉತ್ತರ ತನ್ನಿ. ಒಮ್ಮೆ ಏಳನೆಯ ತರಗತಿಯ ಹುಡುಗನೊಬ್ಬ ನನ್ನ ವಿದ್ಯಾರ್ಥಿನಿಯನ್ನು ‘ಅಕ್ಕಾ, ಮಿಂಚುಹುಳ ಹಿಡಿದರೆ ಕೈ ಯಾಕೆ ಸುಡುವುದಿಲ್ಲ?’ ಎಂದು ಕೇಳಿದ. ಅವಳಿಗೆ ಗೊತ್ತಿರಲಿಲ್ಲ, ನನಗೂ ಸರಿಯಾಗಿ ಗೊತ್ತಿರಲಿಲ್ಲ. ಪ್ರಾಣಿಶಾಸ್ತ್ರದವರನ್ನು ಕೇಳಿ, ಪುಸ್ತಕ ಹುಡುಕಿ, ಹುಳದ ಒಡಲಿನ ಲೂಸಿಫೆರಿನ್ ಎಂಬ ವಸ್ತು ಆಮ್ಲಜನಕದೊಡನೆ ಸೇರಿದಾಗ ಹೊಮ್ಮುವ ಬೆಳಕಿನಲ್ಲಿ ಶಾಖ ಇಲ್ಲವೆನ್ನುವಷ್ಟು ಕಡಿಮೆ ಎಂದು ತಿಳಿದುಕೊಂಡು ಅವಳು ಮರುತಿಂಗಳು ಹೋದಳು. ಹಲಗೆಯ ಮೂಲೆಯಲ್ಲಿ ಆ ಹುಡುಗನ ಹೆಸರನ್ನು ಯಾರೂ ಅಳಿಸಿರಲಿಲ್ಲವಂತೆ.

ನಿಮ್ಮ ಪಕ್ಕದ ಜಿಲ್ಲೆಯವರೇ ಆದ ಡಾ. ಎಚ್. ನರಸಿಂಹಯ್ಯ ಅವರ ಬಾಳನ್ನು ತಿಳಿದುಕೊಳ್ಳಿ. 1920ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯಲ್ಲಿ ಹುಟ್ಟಿ, ಓದಿಗಾಗಿ ಬೆಂಗಳೂರಿಗೆ ನಡೆದೇ ಬಂದ ಹುಡುಗ ಅವರು. ಭೌತಶಾಸ್ತ್ರ ಕಲಿತು, ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು, ನ್ಯಾಷನಲ್ ಕಾಲೇಜಿಗೆ ಮರಳಿ, ವಿದ್ಯಾರ್ಥಿನಿಲಯದ ಕೋಣೆಯಲ್ಲೇ ಬಾಳಿದರು. 1962ರಲ್ಲಿ ಅವರು ಕಟ್ಟಿದ ಬೆಂಗಳೂರು ಸೈನ್ಸ್ ಫೋರಂ ಜನಸಾಮಾನ್ಯರಿಗೆ ವಿಜ್ಞಾನದ ಉಪನ್ಯಾಸಗಳನ್ನು ಏರ್ಪಡಿಸಿತು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದ ಮೇಲೂ ಅವರ ಗಮನ ತಮ್ಮ ಹಳ್ಳಿಯ ಕಡೆಯ ಮಕ್ಕಳ ಮೇಲೆಯೇ ಇತ್ತು. ಪ್ರಶ್ನೆ ಕೇಳುವುದನ್ನು ಅವರು ಉತ್ತರ ಹೇಳುವುದಕ್ಕಿಂತ ಮೇಲೆಂದು ಬಗೆದಿದ್ದರು.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಪ್ರಯೋಗಾಲಯವೂ ಇಲ್ಲ, ಅನುದಾನವೂ ಇಲ್ಲ. ಸಮೀಪದ ಕಾಲೇಜಿನವರು ಆಗಸ್ಟ್‌ನಲ್ಲಿ ಬರುತ್ತೇವೆ ಎಂದಿದ್ದಾರೆ. ಖರ್ಚಿಲ್ಲದೆ ಮಕ್ಕಳೇ ಮಾಡಬಹುದಾದ ಒಂದು ಪ್ರಯೋಗ ತಿಳಿಸಿ. (ವಿಜ್ಞಾನ ಶಿಕ್ಷಕಿ, ಬೆಂಗಳೂರು ಗ್ರಾಮಾಂತರ ಜಿಲ್ಲೆ)

ಉತ್ತರ: ನಿಮಗೆ ಬೇಕಾದದ್ದು ಒಂದು ಮೀಟರ್ ಉದ್ದದ ನೇರವಾದ ಕೋಲು, ತುದಿಗೆ ಕಲ್ಲು ಕಟ್ಟಿದ ತೂಕದ ದಾರ, ಒಂದು ಅಳತೆಪಟ್ಟಿ. ಕರ್ನಾಟಕದ ಪ್ರತಿಯೊಂದು ಊರಿನಲ್ಲೂ ವರ್ಷಕ್ಕೆ ಎರಡು ದಿನ ನಡುಹಗಲಿನ ಸೂರ್ಯ ನೆತ್ತಿಯ ಮೇಲೆ ಸರಿಯಾಗಿ ಬಂದು ನೆಟ್ಟ ಕೋಲಿಗೆ ನೆರಳೇ ಇಲ್ಲದಂತಾಗುತ್ತದೆ. ಬೆಂಗಳೂರಿನ ಸುತ್ತ ಅದು ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ. ಕಲಬುರಗಿಯಲ್ಲಿ ಎರಡನೆಯ ದಿನ ಆಗಸ್ಟ್ ಮೊದಲ ವಾರದಲ್ಲೇ ಬರುತ್ತದೆ. ಏಪ್ರಿಲ್‌ನಲ್ಲಿ ಮಕ್ಕಳಿಗೆ ರಜೆ, ಆಗಸ್ಟ್‌ನಲ್ಲಿ ಶಾಲೆಯಿರುತ್ತದೆ.

ಆ ಒಂದು ದಿನಕ್ಕೆ ಕಾಯದೆ ಜುಲೈ ಮೊದಲ ವಾರದಿಂದಲೇ ಆರಂಭಿಸಿ. ಮೈದಾನದಲ್ಲಿ ಕೋಲನ್ನು ತೂಕದ ದಾರ ಹಿಡಿದು ನೆಟ್ಟಗೆ ನಿಲ್ಲಿಸಿ, ವಾರಕ್ಕೊಮ್ಮೆ ಮಧ್ಯಾಹ್ನ 12 ಗಂಟೆಯಿಂದ 12.45ರವರೆಗೆ ಐದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಕಲ್ಲಿಡಲಿ. ಅತಿ ಚಿಕ್ಕ ನೆರಳು ಗಡಿಯಾರದ ಹನ್ನೆರಡಕ್ಕೆ ಬೀಳದೆ 12.25ರ ಆಸುಪಾಸಿನಲ್ಲಿ ಬೀಳುವುದನ್ನು ಮಕ್ಕಳು ತಾವೇ ಕಾಣುತ್ತಾರೆ. ಏಕೆಂದು ಅವರು ಕೇಳಿದಾಗ, ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಸೂರ್ಯನನ್ನು ನಂಬಿ, ನಾವಿರುವುದು ಅದಕ್ಕಿಂತ ಐದು ಡಿಗ್ರಿಯಷ್ಟು ಪಶ್ಚಿಮಕ್ಕೆ ಎಂಬುದನ್ನು ಕಾಲೇಜಿನವರು ಭೂಪಟ ಹಿಡಿದು ವಿವರಿಸಲಿ. ಜುಲೈ ತಿಂಗಳಲ್ಲಿ ಆ ಚಿಕ್ಕ ನೆರಳು ದಕ್ಷಿಣಕ್ಕೆ ಬೀಳುತ್ತದೆ, ವಾರದಿಂದ ವಾರಕ್ಕೆ ಕುಗ್ಗುತ್ತದೆ, ಆಗಸ್ಟ್ 18ರ ನಂತರ ಉತ್ತರಕ್ಕೆ ತಿರುಗುತ್ತದೆ. ಮಕ್ಕಳು ಅಳತೆಗಳನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಿ, ನೆರಳಿಲ್ಲದ ದಿನ ಯಾವುದೆಂದು ಮೊದಲೇ ತಾವೇ ಲೆಕ್ಕ ಹಾಕಿ ಹೇಳಲಿ. ದಿನಾಂಕವನ್ನು ನೀವು ಹೇಳಬೇಡಿ. ಕಾಲೇಜಿನವರಿಗೆ ಕಲಬುರಗಿಯ ಕಡೆಯ ಒಂದು ಶಾಲೆಯ ಪರಿಚಯವಿದ್ದರೆ, ಒಂದೇ ದಿನ ಎರಡೂ ಕಡೆ ಅಳೆದು, ಎರಡೂ ಶಾಲೆಗಳ ನೆರಳಿನ ಕೋನಗಳ ವ್ಯತ್ಯಾಸದಿಂದ ಭೂಮಿಯ ಸುತ್ತಳತೆಯನ್ನೂ ಮಕ್ಕಳು ಕಂಡುಹಿಡಿಯಬಹುದು. ಉತ್ತರದಿಂದ ದಕ್ಷಿಣಕ್ಕೆ ಒಂದು ಡಿಗ್ರಿಗೆ ಸುಮಾರು 111 ಕಿಲೋಮೀಟರ್ ಬರಬೇಕು.

ಆಗಸ್ಟ್‌ನಲ್ಲಿ ಮೋಡದ ಕಾಟ ಇದ್ದೇ ಇರುತ್ತದೆ. 18ರಂದು ಸೂರ್ಯ ಕಾಣದಿದ್ದರೆ ನಿರಾಶರಾಗಿ ಕೋಲು ಕಿತ್ತುಹಾಕಬೇಡಿ. ಹಿಂದಿನ ದಿನ ಅಥವಾ ಮರುದಿನ ನೋಡಿದರೂ ಒಂದು ಮೀಟರ್ ಕೋಲಿನ ನೆರಳು ಅರ್ಧ ಸೆಂಟಿಮೀಟರಿನಷ್ಟು ಮಾತ್ರ ಇದ್ದು, ಕೋಲಿನ ಬುಡದಲ್ಲೇ ಅಡಗಿರುತ್ತದೆ.